ನೀರಿಗೆ ಜೊತೆಯಲ್ಲಿ ಇಳಿದವರು

1800ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಕಿವುಡ-ಮೂಕರ ಸಂಸ್ಥೆಗೆ ಒಬ್ಬ ಹುಡುಗನನ್ನು ಕರೆತಂದರು. ದಕ್ಷಿಣ ಫ್ರಾನ್ಸಿನ ಅವೆರಾನ್ ಸೀಮೆಯ ಕಾಡಿನಲ್ಲಿ ಒಬ್ಬಂಟಿಯಾಗಿ ಅಲೆಯುತ್ತಿದ್ದವನು. ವಯಸ್ಸು ಹನ್ನೊಂದೋ ಹನ್ನೆರಡೋ. ಮಾತಿಲ್ಲ. ಪಕ್ಕದಲ್ಲೇ ಪಿಸ್ತೂಲು ಹಾರಿಸಿದರೂ ಬೆಚ್ಚುವುದಿಲ್ಲ, ಬೆನ್ನ ಹಿಂದೆ ಅಕ್ರೋಟು ಒಡೆದರೆ ಮಾತ್ರ ತಟ್ಟನೆ ತಿರುಗುತ್ತಾನೆ. ಕುದಿಯುವ ಪಾತ್ರೆಗೆ ಬರಿಗೈ ಹಾಕಿ ಆಲೂಗಡ್ಡೆ ಎತ್ತಿಕೊಳ್ಳುತ್ತಾನೆ. ಕೊರೆಯುವ ಚಳಿಯಲ್ಲಿ ಒದ್ದೆ ನೆಲದ ಮೇಲೆ ಗಂಟೆಗಟ್ಟಲೆ ಕೂತಿರುತ್ತಾನೆ. ದೊಡ್ಡ ವೈದ್ಯರು ಬಂದು ನೋಡಿ, ಇವನಿಗೆ ಕಲಿಸಿ ಫಲವಿಲ್ಲ ಎಂದರು. ಹಾಗೆ ಹೇಳಿದವರಲ್ಲಿ ಹುಚ್ಚಾಸ್ಪತ್ರೆಯ ಸರಪಳಿ ಬಿಚ್ಚಿಸಿದರೆಂದು ಹೆಸರಾದ ಫಿಲಿಪ್ ಪಿನೆಲ್ ಕೂಡ ಇದ್ದರು. ಒಪ್ಪದೆ ಉಳಿದವರು ಇಪ್ಪತ್ತರ ಹರೆಯ ಇನ್ನೂ ದಾಟದ ವೈದ್ಯ ಜ್ಯಾಂ ಮಾರ್ಕ್ ಗ್ಯಾಸ್ಪಾರ್ ಇಟಾರ್. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟವರೂ ಅವರೇ.

ಇಟಾರ್ ಅಕ್ಷರದಿಂದ ಶುರುಮಾಡಲಿಲ್ಲ. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ಮೈಗೇ ತಿಳಿಯದಿದ್ದರೆ ಮನಸ್ಸಿಗೆ ಏನು ತಿಳಿದೀತು ಎಂಬುದು ಅವರ ಎಣಿಕೆ. ದಿನವೂ ಎರಡು ಮೂರು ಗಂಟೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದರು, ನಡುನಡುವೆ ತಲೆಯ ಮೇಲೆ ನೀರು ಸುರಿದರು, ಮೈ ಉಜ್ಜಿದರು. ಕಾಲ ಕಳೆದಂತೆ ಹುಡುಗ ತೊಟ್ಟಿಗೆ ಇಳಿಯುವ ಮುಂಚೆ ಬೆರಳು ಅದ್ದಿ ನೋಡತೊಡಗಿದ. ನೀರು ಉಗುರುಬೆಚ್ಚಗಷ್ಟೇ ಇದ್ದರೆ ಇಳಿಯಲು ಒಪ್ಪುತ್ತಿರಲಿಲ್ಲ. ಚಳಿ ತಿಳಿಯತೊಡಗಿದ ಮೇಲೆ ಬಟ್ಟೆಯ ಉಪಯೋಗವೂ ತಿಳಿಯಿತು, ಬೆಳಿಗ್ಗೆ ತಾನಾಗಿ ಉಡುಪು ಹಾಕಿಕೊಳ್ಳಲು ಕಲಿತ. ಇಟಾರ್ ಬರೆದಿಟ್ಟ ಇನ್ನೊಂದು ವಿವರ ನನಗೆ ಬಹಳ ಪ್ರಿಯ: ಊಟವಾದ ಮೇಲೆ ವಿಕ್ಟರ್ ಒಂದು ಲೋಟ ತಿಳಿನೀರು ಹಿಡಿದು ಕಿಟಕಿಯ ಬಳಿ ನಿಂತು, ಹೊರಗಿನ ಬಯಲನ್ನು ನೋಡುತ್ತಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದನಂತೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮಣಿಪಾಲದಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ, ವಾರದ ಕೆಲವು ಮಧ್ಯಾಹ್ನ ಈಜುಕೊಳದಲ್ಲಿ. ಈ ಕೆಲಸ ಎಲ್ಲಿಂದ ಶುರುವಾಯಿತು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ವಿಕ್ಟರನ ಆ ಬೆರಳಿನ ಕಥೆ ಹೇಳುತ್ತೇನೆ. ಲಂಡನ್ನಿನ ಮನಶ್ಶಾಸ್ತ್ರಜ್ಞೆ ಊಟಾ ಫ್ರಿತ್ 1989ರಲ್ಲಿ ಬರೆದ ಪುಸ್ತಕದಲ್ಲಿ, ವಿಕ್ಟರನಿಗೆ ಇದ್ದದ್ದು ಆಟಿಸಂ ಆಗಿರಬೇಕು ಎಂದು ವಾದಿಸಿದ್ದಾರೆ. ಒಪ್ಪದವರೂ ಇದ್ದಾರೆ. ಎರಡು ಶತಮಾನದ ಆಚೆಯ ಮಗುವಿಗೆ ಹಣೆಪಟ್ಟಿ ಹಚ್ಚುವುದರಲ್ಲಿ ನನಗೆ ಆಸಕ್ತಿ ಇಲ್ಲ. ಸದ್ದಿಗೆ ತಿರುಗದ, ಸುಡುವುದಕ್ಕೆ ಕೈ ಹಿಂದೆಗೆಯದ, ತನಗೆ ಬೇಕಾದ ಒಂದು ಸಣ್ಣ ಸದ್ದಿಗೆ ಮಾತ್ರ ಕಿವಿ ನಿಮಿರಿಸುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ನೀರು ಅವರಲ್ಲಿ ಏನನ್ನೋ ಎಚ್ಚರಿಸುತ್ತದೆ ಎಂದು ಬರೆದಿಟ್ಟವರಲ್ಲಿ ಇಟಾರ್ ಮೊದಲಿಗರು. ಅಷ್ಟು ಸಾಕು.

ಆದರೆ ಇಟಾರ್ ತೊಟ್ಟಿಯ ಹೊರಗೆ ನಿಂತಿದ್ದರು. ಕೆಲವು ವರ್ಷಗಳ ನಂತರ ಹುಡುಗ ಪ್ರಾಯಕ್ಕೆ ಬಂದು ಕೂಗಾಡತೊಡಗಿದಾಗ ಅವರೇ ಅವನಿಗೆ ತಣ್ಣೀರ ಸ್ನಾನ ಮಾಡಿಸಿದರು, ರಕ್ತ ತೆಗೆಸಿದರು. ಎಚ್ಚರಿಸಲು ಬಳಸಿದ ನೀರನ್ನೇ ಅಡಗಿಸಲೂ ಬಳಸಿದರು. ಈ ಇತಿಹಾಸವನ್ನು ಓದುವಾಗೆಲ್ಲ ನಾನು ಒಂದೇ ಸಂಗತಿಯನ್ನು ಹುಡುಕುತ್ತೇನೆ: ಮಗು ನೀರಿನಲ್ಲಿದ್ದಾಗ ದೊಡ್ಡವರು ಎಲ್ಲಿದ್ದರು, ದಡದಲ್ಲೋ ನೀರಿನಲ್ಲೋ?

ಮುಂದಿನ ನೂರು ವರ್ಷ ಅವರು ದಡದಲ್ಲೇ ಇದ್ದರು. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನ ನೀರಿನ ಚಿಕಿತ್ಸೆಯ ಶತಮಾನ. ಸೈಲೀಷಿಯಾದ ಗ್ರೇಫನ್‌ಬರ್ಗ್‌ನಲ್ಲಿ ರೈತ ವಿನ್ಸೆಂಟ್ ಪ್ರೀಸ್ನಿಟ್ಸ್ ತಣ್ಣೀರಿನಿಂದಲೇ ಸಾವಿರಾರು ಜನರಿಗೆ ಉಪಚಾರ ಮಾಡಿದರು. ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ 1886ರಲ್ಲಿ ಪ್ರಕಟಿಸಿದ ನೀರಿನ ಚಿಕಿತ್ಸೆಯ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು. ಇಂಥವರ ಬಳಿಗೆ ಹೋದವರು ಸ್ವಂತ ಇಚ್ಛೆಯಿಂದ ಹೋದರು. ಹುಚ್ಚಾಸ್ಪತ್ರೆಯಲ್ಲಿದ್ದವರಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಜರ್ಮನಿಯ ಎಮಿಲ್ ಕ್ರೇಪಲಿನ್‌ರಂಥ ವೈದ್ಯರು ಕೋಳಕ್ಕೆ ಬದಲಾಗಿ ದೀರ್ಘಸ್ನಾನ ಮೇಲು ಎಂದು ಅದನ್ನು ಬೆಳೆಸಿದರು. ಉದ್ದೇಶ ಒಳ್ಳೆಯದೇ. ಆದರೆ ಆಸ್ಪತ್ರೆಗಳ ಸ್ನಾನದ ಕೋಣೆಯಲ್ಲಿ ಅದು ಹೇಗೆ ನಡೆಯಿತು ಎನ್ನುವುದನ್ನು ಹಳೆಯ ಚಿತ್ರಗಳಲ್ಲಿ ನೋಡಬಹುದು: ಸಾಲಾಗಿ ತೊಟ್ಟಿಗಳು, ಪ್ರತಿ ತೊಟ್ಟಿಯ ಮೇಲೆ ಬಿಗಿದ ಕ್ಯಾನ್ವಾಸು, ಅದರ ಒಂದು ತೂತಿನಿಂದ ಹೊರಗೆ ಇಣುಕುವ ತಲೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಇನ್ನೊಂದು ಪದ್ಧತಿಯಲ್ಲಿ ತಣ್ಣೀರಿನಲ್ಲಿ ಅದ್ದಿದ ಹಾಸಿಗೆ ಬಟ್ಟೆಯನ್ನು ಮೈಗೆ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದರು. ಮೈಗೆ ಬಿಗಿಯಾದ ಅಪ್ಪುಗೆ ಸಿಕ್ಕರೆ ಮನಸ್ಸು ತಣಿಯುತ್ತದೆ ಎಂಬ ಸತ್ಯ ಅದರೊಳಗೆ ಎಲ್ಲೋ ಇತ್ತು. ಬೇಡ ಎನ್ನುವ ಹಕ್ಕು ಮಾತ್ರ ಒಳಗಿದ್ದವರಿಗೆ ಇರಲಿಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮಾತ್ರೆ ಬಂದ ಮೇಲೆ ತೊಟ್ಟಿಗಳು ಒಂದೊಂದಾಗಿ ಮೂಲೆಗೆ ಸೇರಿದವು. ಇಂದಿಗೂ ಕೆಲವು ತಾಯಂದಿರಿಗೆ 'ನೀರಿನ ಚಿಕಿತ್ಸೆ' ಎಂದರೆ ಅಳುಕು. ಆ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ಚರಿತ್ರೆಯ ಆಧಾರ ಇದೆ.

ನಮ್ಮ ವೃತ್ತಿ ಹುಟ್ಟಿದ್ದು ಕೂಡ ನೀರಿನ ಊರಿನಲ್ಲೇ. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಗಂಧಕದ ಬುಗ್ಗೆಗಳ ಸಣ್ಣ ಊರು. ಹೆನ್ರಿ ಫಾಸ್ಟರ್ ಎಂಬ ವೈದ್ಯರು 1850ರಲ್ಲಿ ಅಲ್ಲಿ ನೀರಿನ ಚಿಕಿತ್ಸಾಲಯ ತೆರೆದಿದ್ದರು. ಅನಂತರ ಅದೇ ಊರಿಗೆ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಚಿಕಿತ್ಸೆಗೆ ಬಂದರು. ಕಾಲಿನ ಶಸ್ತ್ರಚಿಕಿತ್ಸೆ ಆಗಿ, ಎಡಮೈ ಸ್ವಾಧೀನ ತಪ್ಪಿತ್ತು. ತೋಟದ ಕೆಲಸ, ಮರಗೆಲಸ ಮಾಡುತ್ತಾ ತಾವೇ ಚೇತರಿಸಿಕೊಂಡು, ಬೇರೆಯವರಿಗೂ ದಾರಿಯಾಗಲೆಂದು ಅಲ್ಲೇ ಒಂದು ಮನೆ ತೆರೆದರು. ಆ ಮನೆಯಲ್ಲಿ 1917ರ ಮಾರ್ಚ್‌ನಲ್ಲಿ ಕೆಲವೇ ಜನ ಸೇರಿ ಅಮೆರಿಕದ ಆಕ್ಯುಪೇಷನಲ್ ಥೆರಪಿಯ ಮೊದಲ ಸಂಘ ಕಟ್ಟಿದರು. ಅವರಲ್ಲಿ ಎಲಿನಾರ್ ಕ್ಲಾರ್ಕ್ ಸ್ಲೇಗಲ್ ಒಬ್ಬರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯರ ಕೈಕೆಳಗೆ ಕೆಲಸ ಮಾಡಿದ್ದವರು. ಏಳುವುದು, ಮೀಯುವುದು, ಉಡುವುದು, ಉಣ್ಣುವುದು ಇವೇ ಚಿಕಿತ್ಸೆಯ ಸಾಮಗ್ರಿ ಎಂದು ಸ್ಲೇಗಲ್ ನಂಬಿದ್ದರು. ನಮ್ಮ ವೃತ್ತಿಯ ತಿರುಳು ಇಂದಿಗೂ ಅದೇ.

ಅದೇ ಮೇಯರ್ ಅವರ ವಿಭಾಗಕ್ಕೆ ಮುಂದೆ ಲಿಯೊ ಕ್ಯಾನರ್ ಬಂದರು. 1943ರಲ್ಲಿ ಹನ್ನೊಂದು ಮಕ್ಕಳ ವಿವರ ಕೊಟ್ಟು ಕ್ಯಾನರ್ ಬರೆದ ಲೇಖನದಿಂದಲೇ ಆಟಿಸಂ ಎಂಬುದು ಮಕ್ಕಳ ಒಂದು ಪ್ರತ್ಯೇಕ ಸ್ಥಿತಿಯಾಗಿ ವೈದ್ಯಲೋಕಕ್ಕೆ ಕಂಡಿತು. ಆ ಮಕ್ಕಳು ಹೆದರುತ್ತಿದ್ದ ವಸ್ತುಗಳನ್ನು ಕ್ಯಾನರ್ ಒಂದೆಡೆ ಹೆಸರಿಸುತ್ತಾರೆ: ಲಿಫ್ಟು, ವ್ಯಾಕ್ಯೂಂ ಕ್ಲೀನರು, ಗ್ಯಾಸ್ ಒಲೆ, ಗಾಳಿ. ಆ ಪಟ್ಟಿಯಲ್ಲಿ ಹರಿಯುವ ನೀರೂ ಇದೆ. ಆಟಿಸಂ ಇರುವ ಮಕ್ಕಳಿಗೆಲ್ಲ ನೀರೆಂದರೆ ಪ್ರಾಣ ಎಂದು ಸಲೀಸಾಗಿ ಹೇಳುವವರು ಇದನ್ನು ಗಮನಿಸಬೇಕು. ನಲ್ಲಿ ತಿರುಗಿಸಿದ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಮಕ್ಕಳು ನನ್ನಲ್ಲಿಗೂ ಬರುತ್ತಾರೆ.

ಕ್ಯಾನರ್ ಅವರ ಲೇಖನದಲ್ಲಿ ತಂದೆತಾಯಿಯರ ತಣ್ಣಗಿನ ಸ್ವಭಾವದ ಬಗ್ಗೆಯೂ ಮಾತಿತ್ತು. ಅದು ಬೆಳೆದು, 1967ರಲ್ಲಿ ಬ್ರೂನೊ ಬೆಟ್ಟಲ್‌ಹೈಮ್ ಬರೆದ ಪುಸ್ತಕದ ಹೊತ್ತಿಗೆ ತಾಯಿಯೇ ಕಾರಣ ಎಂಬಲ್ಲಿಗೆ ಮುಟ್ಟಿತು. ಅದಕ್ಕೂ ಮುಂಚೆ, 1964ರಲ್ಲೇ, ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್, ಇದು ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು ಎಂದು ಬರೆದಿದ್ದರು. ಆದರೂ ಎಷ್ಟೋ ವರ್ಷ ತಾಯಂದಿರನ್ನು ಮಕ್ಕಳಿಂದ ದೂರ ಇಡುವುದೇ ಚಿಕಿತ್ಸೆ ಎನಿಸಿಕೊಂಡಿತು. ಆ ಕಾಲದ ಮನೆಮನೆಯ ನೋವಿಗೆ ಯಾರೂ ಲೆಕ್ಕ ಇಟ್ಟಿಲ್ಲ.

ದೊಡ್ಡವರನ್ನು ನೀರಿಗೆ ಇಳಿಸಿದ್ದು ಪೋಲಿಯೊ. ಲಾಸ್ ಏಂಜಲಿಸ್‌ನಲ್ಲಿ ಮಕ್ಕಳ ಮೂಳೆ ವೈದ್ಯ ಚಾರ್ಲ್ಸ್ ಲೋಮನ್ 1924ರ ಸುಮಾರಿಗೆ ಆಸ್ಪತ್ರೆಯ ತಾವರೆಕೊಳವನ್ನೇ ಚಿಕಿತ್ಸೆಯ ಕೊಳವಾಗಿ ಮಾರ್ಪಡಿಸಿದರು. ಅದೇ 1924ರಲ್ಲಿ ಪೋಲಿಯೊದಿಂದ ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಬಂದು, ನೆಲದ ಮೇಲೆ ನಿಲ್ಲಲಾರದ ಕಾಲು ಬೆಚ್ಚಗಿನ ನೀರಿನಲ್ಲಿ ಅಲುಗುವುದನ್ನು ಕಂಡರು; 1926ರಲ್ಲಿ ಆ ಜಾಗವನ್ನೇ ಕೊಂಡು ಪೋಲಿಯೊ ಕೇಂದ್ರ ಮಾಡಿದರು. ಅಲ್ಲಿ ಥೆರಪಿಸ್ಟರು ಈಜುಡುಗೆ ಹಾಕಿ ರೋಗಿಯ ಪಕ್ಕದಲ್ಲೇ ನೀರಿನಲ್ಲಿ ನಿಂತರು. ದೂರದಿಂದ ಆಜ್ಞೆ ಕೊಟ್ಟರೆ ಕೆಲಸ ನಡೆಯುತ್ತಿರಲಿಲ್ಲ, ಕೈ ಹಿಡಿಯಲೇಬೇಕಿತ್ತು.

ಆಟಿಸಂ ಇರುವ ಮಕ್ಕಳ ಜೊತೆ ಇಂದು ನಾವು ನೀರಿನಲ್ಲಿ ಮಾಡುವುದರ ಬಹುಪಾಲು ಬಂದದ್ದು ಒಬ್ಬ ಎಂಜಿನಿಯರ್‌ನಿಂದ. ಜೇಮ್ಸ್ ಮೆಕ್‌ಮಿಲನ್ ದ್ರವಗಳ ಚಲನೆ ಬಲ್ಲವರು. ಲಂಡನ್ನಿನ ಉತ್ತರಕ್ಕೆ ಸೌತ್‌ಗೇಟ್‌ನಲ್ಲಿ ಅಂಗವಿಕಲ ಹುಡುಗಿಯರಿಗಾಗಿ ಹ್ಯಾಲಿವಿಕ್ ಎಂಬ ಶಾಲೆ ಇತ್ತು. 1949ರಲ್ಲಿ ಅವರೂ ಪತ್ನಿ ಫಿಲ್ ಅವರೂ ಅಲ್ಲಿನ ಹುಡುಗಿಯರಿಗೆ ಈಜು ಕಲಿಸಲು ಹೊರಟರು. ದೇಹದ ಆಕಾರ ಎರಡು ಬದಿಯಲ್ಲಿ ಸಮ ಇಲ್ಲದಿದ್ದರೆ ನೀರು ಅದನ್ನು ಉರುಳಿಸುತ್ತದೆ, ದೋಣಿಗೆ ಆಗುವಂತೆಯೇ. ಆ ಉರುಳುವಿಕೆಯನ್ನು ತಡೆಯುವುದಕ್ಕಿಂತ, ಉರುಳಿದ ಮೇಲೆ ಮತ್ತೆ ಮುಖ ಮೇಲೆ ತರುವುದನ್ನು ಕಲಿಸಿದರೆ ಸಾಕು ಎಂದು ಮೆಕ್‌ಮಿಲನ್ ಕಂಡುಕೊಂಡರು. ಅದರಿಂದ ಹುಟ್ಟಿದ್ದೇ ಹತ್ತು ಹಂತಗಳ ಹ್ಯಾಲಿವಿಕ್ ಪದ್ಧತಿ. ಮೊದಲ ಹಂತ ಮನಸ್ಸು ನೀರಿಗೆ ಒಗ್ಗುವುದು. ನಡುವಿನವು ಮೈಯನ್ನು ಬೇರೆ ಬೇರೆ ದಿಕ್ಕಿಗೆ ಹೊರಳಿಸಿ ಹಿಡಿತಕ್ಕೆ ತರುವುದು. ಕೈಬೀಸಿ ಈಜುವುದು ಕೊನೆಯಲ್ಲಿ ಬರುತ್ತದೆ.

ಅವರು ಮಾಡಿಕೊಂಡ ನಿಯಮಗಳು ಆ ಕಾಲಕ್ಕೆ ಹೊಸವು. ನೀರಿನಲ್ಲಿ ಯಾರೂ ರೋಗಿ ಎನಿಸಿಕೊಳ್ಳುವುದಿಲ್ಲ, ಎಲ್ಲರೂ ಈಜುಗಾರರು. ಪ್ರತಿಯೊಬ್ಬ ಈಜುಗಾರನಿಗೆ ಒಬ್ಬ ಜೊತೆಗಾರ ನೀರಿನಲ್ಲೇ ಇರಬೇಕು. ಮುಖ ಅವನ ಮುಖದ ಮಟ್ಟಕ್ಕೆ ಬರುವಷ್ಟು ಮೈ ಮುಳುಗಿಸಿ ನಿಲ್ಲಬೇಕು. ಹಾಡು, ಆಟ, ವೃತ್ತ ಇವುಗಳ ಮೂಲಕ ಕಲಿಸಬೇಕು. ಆಸರೆಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಹೋಗಬೇಕು. ತೇಲುವ ಸಾಧನ ಯಾವುದನ್ನೂ ಕಟ್ಟಬಾರದು. ಈ ಕೊನೆಯ ನಿಯಮ ಓದಿದಾಗ ನನಗೆ ಅಚ್ಚರಿಯಾಗಿತ್ತು. ನಮ್ಮ ಕುಂದಾಪುರದ ಕಡೆ ಮಕ್ಕಳು ಈಜು ಕಲಿಯುತ್ತಿದ್ದುದೇ ಎರಡು ಒಣ ತೆಂಗಿನಕಾಯಿ ಜೋಡಿಸಿ ಬೆನ್ನಿಗೆ ಕಟ್ಟಿಕೊಂಡು. ದೊಡ್ಡಪ್ಪ ಕೆರೆಯ ಮೆಟ್ಟಿಲ ಮೇಲೆ ಕೂತು ಕೂಗಿ ಹೇಳುತ್ತಿದ್ದರು. ಕಾಯಿ ಬಿಚ್ಚಿದ ದಿನ ಮತ್ತೆ ಮೊದಲಿಂದ ಹೆದರಿಕೆ. ಮೆಕ್‌ಮಿಲನ್ ಅವರ ಲೆಕ್ಕ ಸರಿ: ಕಟ್ಟಿದ ಆಸರೆ ದೇಹಕ್ಕೆ ಸುಳ್ಳು ಸಮತೋಲ ಕಲಿಸುತ್ತದೆ. ಇನ್ನೊಬ್ಬರ ಕೈ ಹಾಗಲ್ಲ, ಅದು ಸಡಿಲಾಗುತ್ತಾ ಹೋಗಬಲ್ಲದು. ಕಣ್ಣಿಗೆ ಕಣ್ಣು ಕೊಡಲು ಕಷ್ಟಪಡುವ ಮಗುವಿನ ವಿಷಯದಲ್ಲಿ ಈ ನಿಯಮಕ್ಕೆ ಇನ್ನೊಂದು ಬೆಲೆಯಿದೆ. ಎದೆಮಟ್ಟದ ನೀರಿನಲ್ಲಿ ಆಸರೆ ಕೊಡುವ ವ್ಯಕ್ತಿಯ ಕಡೆಗೆ ಮಗು ತಾನಾಗಿ ನೋಡಬೇಕಾಗುತ್ತದೆ. ಕಣ್ಣು ನೋಡು ಎಂದು ಗಲ್ಲ ಹಿಡಿದು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಎಳೆ ಕ್ಯಾಲಿಫೋರ್ನಿಯಾದ್ದು, ಮತ್ತು ಅದು ನಮ್ಮ ವೃತ್ತಿಯದೇ. ಎ. ಜೀನ್ ಏರ್ಸ್ ಹುಟ್ಟಿದ್ದು 1920ರಲ್ಲಿ, ಅಲ್ಲಿನ ವಿಸೇಲಿಯಾ ಬಳಿಯ ತೋಟದ ಮನೆಯಲ್ಲಿ. ಆಕ್ಯುಪೇಷನಲ್ ಥೆರಪಿ ಓದಿ, ಮೆದುಳಿನ ಅಧ್ಯಯನಕ್ಕೆ ಹೊರಳಿದರು. ಚರ್ಮ, ಕೀಲು, ಸ್ನಾಯು, ಒಳಕಿವಿ ಕಳಿಸುವ ಸುದ್ದಿಯನ್ನು ಮೆದುಳು ಒಂದುಗೂಡಿಸಿ ಅರ್ಥಮಾಡಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಆ ಒಂದುಗೂಡಿಕೆ ಎಡವುತ್ತದೆ ಎಂಬುದು 1972ರಲ್ಲಿ ಬಂದ ಅವರ ಪುಸ್ತಕದ ವಾದ. 1979ರಲ್ಲಿ ತಂದೆತಾಯಿಯರಿಗಾಗಿ ಬರೆದ ಪುಸ್ತಕದಲ್ಲಿ ಆಟಿಸಂ ಇರುವ ಮಗುವಿಗೇ ಒಂದು ಅಧ್ಯಾಯ ಮೀಸಲಿಟ್ಟರು. ಮರುವರ್ಷ ಲಿಂಡಾ ಟಿಕಲ್ ಜೊತೆ ಪ್ರಕಟಿಸಿದ ಹತ್ತು ಮಕ್ಕಳ ಅಧ್ಯಯನದಲ್ಲಿ, ಸ್ಪರ್ಶಕ್ಕೆ ಅತಿಯಾಗಿ ಸ್ಪಂದಿಸುವ ಮಕ್ಕಳಿಗೆ, ಏನೂ ತಾಗದವರಂತೆ ಇರುವ ಮಕ್ಕಳಿಗಿಂತ ಈ ಚಿಕಿತ್ಸೆ ಹೆಚ್ಚು ಹಿಡಿಸಿತು ಎಂದು ಕಂಡಿತು. ಏರ್ಸ್ ಅವರ ಸಾಮಗ್ರಿ ತೂಗುಯ್ಯಾಲೆ, ಬಲೆ, ಚಕ್ರದ ಹಲಗೆ. ಕೊಳಕ್ಕೆ ಇಳಿದವರು ಅವರ ಹಿಂದೆ ಬಂದ ಥೆರಪಿಸ್ಟರು, ಏಕೆಂದರೆ ಏರ್ಸ್ ಕೋಣೆ ತುಂಬ ಜೋಡಿಸಿದ್ದನ್ನೆಲ್ಲ ನೀರು ಒಟ್ಟಿಗೆ ಕೊಡುತ್ತದೆ.

ಹೇಗೆಂದರೆ, ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಮಗುವಿನ ಕಾಲಿನ ಮೇಲೆ ಬೀಳುವುದು ಅದರ ತೂಕದ ಸುಮಾರು ಹತ್ತನೇ ಒಂದು ಪಾಲು. ಸೊಂಟದ ಮಟ್ಟದಲ್ಲಿ ಅರ್ಧ. ನೆಲದ ಮೇಲೆ ತುದಿಗಾಲಲ್ಲಿ ತಡವರಿಸುವ ಮಗು ನೀರಿನಲ್ಲಿ ನಿಧಾನವಾಗಿ ಬೀಳುತ್ತದೆ, ಬೀಳುವುದರೊಳಗೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಮುಳುಗಿದ ಮೈಯನ್ನು ನೀರು ಸುತ್ತಲಿಂದಲೂ ಒತ್ತುತ್ತದೆ. ಒಂದು ಮೀಟರ್ ಆಳದಲ್ಲಿ ಆ ಒತ್ತಡ ಪಾದರಸದ 74 ಮಿಲಿಮೀಟರಿನಷ್ಟು. ಆಟಿಸಂ ಇರುವ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಹದಿಹರೆಯದಲ್ಲಿ ಚಿಕ್ಕಮ್ಮನ ದನದ ಕೊಟ್ಟಿಗೆಯ ಚೌಕಟ್ಟನ್ನು ನೋಡಿ ತನ್ನನ್ನೇ ಒತ್ತಿಕೊಳ್ಳುವ ಯಂತ್ರ ಮಾಡಿಕೊಂಡರು. ಮನುಷ್ಯರ ಅಪ್ಪುಗೆ ತಡೆಯಲಾಗದಿದ್ದರೂ ಒತ್ತಡ ಬೇಕಿತ್ತು, ಮತ್ತು ಅದು ತನ್ನ ಹತೋಟಿಯಲ್ಲಿ ಇರಬೇಕಿತ್ತು. ನೀರಿನ ಒತ್ತಡದಲ್ಲಿ ಆ ಎರಡೂ ಇವೆ: ಒಂದು ಮೆಟ್ಟಿಲು ಇಳಿದರೆ ಹೆಚ್ಚು, ಹತ್ತಿದರೆ ಕಡಿಮೆ. ಹಿಡಿದವರು ಯಾರೂ ಇಲ್ಲ. ಆದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಚಿಕಿತ್ಸೆಯ ಕೊಳ 33ರಿಂದ 35 ಡಿಗ್ರಿ ಇರಬೇಕು. ಬೆಂಗಳೂರಿನ ಬಹುತೇಕ ಕೊಳಗಳನ್ನು ಕಾಯಿಸುವುದಿಲ್ಲ. ಡಿಸೆಂಬರ್‌ನಲ್ಲಿ ನಾವು ಇಳಿಯುವುದೇ ಇಲ್ಲ, ಉಳಿದ ತಿಂಗಳಲ್ಲಿ ತುಟಿ ನೀಲಿಯಾಗುವ ಮೊದಲೇ ಹೊರಗೆ.

ಈ ಎಳೆಗಳು ಸೇರಿ ಆಟಿಸಂ ಎಂಬ ಹೆಸರಿನ ಕೆಳಗೆ ನೀರಿನ ಅಧ್ಯಯನಗಳು ಬಂದದ್ದು ತಡವಾಗಿ. ಟರ್ಕಿಯಲ್ಲಿ ಇಲ್ಕರ್ ಯಿಲ್ಮಾಜ್ ಮತ್ತು ಸಂಗಡಿಗರು 2004ರಲ್ಲಿ ಒಂಬತ್ತು ವರ್ಷದ ಒಬ್ಬನೇ ಹುಡುಗನಿಗೆ ಹತ್ತು ವಾರ ಈಜು ಕಲಿಸಿ, ಅವನ ಸಮತೋಲ, ಬಲ, ನೀರಿನ ಪರಿಚಯ ಹೆಚ್ಚಿದ್ದನ್ನು ಬರೆದರು. 2006ರಲ್ಲಿ ಅಮೆರಿಕದ ಹದಿನೆಂಟು ಥೆರಪಿಸ್ಟರನ್ನು ಕೇಳಿದ ಸಮೀಕ್ಷೆ ಬಂತು. ಗಮನ, ಸ್ನಾಯುಬಲ, ಸ್ಪರ್ಶ ಸಹಿಸುವುದು, ಕಣ್ಣುಕೂಡಿಸುವುದು ಇವುಗಳಲ್ಲಿ ಏಳಿಗೆ ಕಂಡೆವು ಎಂದು ಹೆಚ್ಚಿನವರು ಹೇಳಿದ್ದರು. ತೈವಾನಿನ ಚಿಯೆನ್ ಯು ಪಾನ್ 2010ರಲ್ಲಿ ಹದಿನಾರು ಹುಡುಗರ ಮೇಲೆ ನಡೆಸಿದ ಅಧ್ಯಯನದಲ್ಲಿ ಈಜು ಕೌಶಲದ ಜೊತೆಗೆ ಇತರರೊಂದಿಗಿನ ನಡವಳಿಕೆಯೂ ಸುಧಾರಿಸಿತ್ತು. 2014ರಲ್ಲಿ ಆಸ್ಟ್ರೇಲಿಯಾದವರು ಎಲ್ಲವನ್ನೂ ಜಾಲಾಡಿದಾಗ ತಕ್ಕವೆಂದು ಸಿಕ್ಕ ಅಧ್ಯಯನಗಳು ನಾಲ್ಕೇ ನಾಲ್ಕು.

ಹೀಗಾಗಿ ನೀರು ಆಟಿಸಂ ಅನ್ನು ಗುಣಪಡಿಸುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ ಎಂದು ನಾನು ಮನೆಯವರಿಗೆ ಮೊದಲ ದಿನವೇ ಹೇಳುತ್ತೇನೆ. ಆಟಿಸಂ ಗುಣಪಡಿಸಬೇಕಾದ ಕಾಯಿಲೆಯೂ ಅಲ್ಲ. ಡಾಲ್ಫಿನ್ ಜೊತೆ ಈಜಿಸಿದರೆ ಮಗು ಮಾತಾಡುತ್ತದೆ ಎಂಬ ಮಾತು ಫ್ಲೋರಿಡಾದಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿ ಲೋಕಕ್ಕೆಲ್ಲ ಹರಡಿತು. ಶುರುಮಾಡಿದವರಲ್ಲೊಬ್ಬರಾದ ಬೆಟ್ಸಿ ಸ್ಮಿತ್ ಅವರೇ ಕೊನೆಗೆ, ಅದರಿಂದ ಬಡಪಾಯಿ ಮನೆಯವರಿಗೂ ಪ್ರಾಣಿಗಳಿಗೂ ಅನ್ಯಾಯ ಎಂದು ಅದನ್ನು ಕೈಬಿಟ್ಟರು. ಸಾಲ ಮಾಡಿ ಹೋಗಬೇಕಾದ ಚಿಕಿತ್ಸೆಯ ಜಾಹೀರಾತನ್ನು ಫೋನಿನಲ್ಲಿ ತೋರಿಸಿ ಏನು ಮಾಡಲಿ ಎಂದು ಕೇಳುವ ತಂದೆಯ ಮುಖ ನೋಡುವುದು ನನಗೆ ಬಹಳ ಕಷ್ಟ.

ಭಾರತಕ್ಕೆ ಆಕ್ಯುಪೇಷನಲ್ ಥೆರಪಿ ತಂದವರು ಕಮಲಾ ನಿಂಬ್ಕರ್. ಹುಟ್ಟಿನಿಂದ ಅಮೆರಿಕದವರು, ಮದುವೆಯಾಗಿ ಭಾರತೀಯರಾದವರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಆಯಿತು. ಆಟಿಸಂ ಕಾನೂನಿನ ಕಣ್ಣಿಗೆ ಬೀಳಲು ಮಾತ್ರ ಇನ್ನೂ ಅರ್ಧ ಶತಮಾನ ಬೇಕಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಅದರ ಹೆಸರಿಲ್ಲ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯಲ್ಲಿ ಪೂರ್ತಿ ಹಕ್ಕಿನೊಂದಿಗೆ ಬಂತು. ಆ ಹಕ್ಕಿನಲ್ಲಿ ಆಟದ ಜಾಗಗಳೂ ಸೇರುತ್ತವೆ. ನಾವು ಮೊದಲು ಹೋಗುತ್ತಿದ್ದ ಕೊಳದವರು, ನಿಮ್ಮ ಮಕ್ಕಳು ಕೂಗುತ್ತಾರೆ, ಉಳಿದವರು ಫೀಸು ವಾಪಸು ಕೇಳುತ್ತಿದ್ದಾರೆ ಎಂದು ಬರಬೇಡಿ ಎಂದರು. ಕಾಯ್ದೆಯ ಪ್ರತಿ ಹಿಡಿದು ಹೋದರೂ ಬಾಗಿಲು ತೆರೆಯಲಿಲ್ಲ. ಈಗಿನ ಕೊಳ ಸಿಕ್ಕಿದ್ದು ಅಲ್ಲಿನ ಲೈಫ್‌ಗಾರ್ಡ್ ಒಬ್ಬರ ದಯೆಯಿಂದ. ಅವರ ತಂಗಿಯ ಮಗನಿಗೂ ಆಟಿಸಂ ಇದೆ.

ಅಲ್ಲಿ ನಡೆಯುವುದನ್ನು ಒಂದಿಷ್ಟು ಹತ್ತಿರದಿಂದ ಹೇಳಬೇಕು. ಆರು ವರ್ಷದ ಒಬ್ಬ ಹುಡುಗ ಅಜ್ಜಿಯ ಜೊತೆ ಬರುತ್ತಾನೆ. ಅವನ ಥೆರಪಿ ಶುರುವಾಗುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ. ಕ್ಲೋರಿನ್ ವಾಸನೆ, ಹೆಂಚಿನ ಗೋಡೆಗೆ ಬಡಿದು ಮರಳುವ ಸದ್ದು, ಯಾರೋ ಬಿಟ್ಟುಹೋದ ಒದ್ದೆ ಟವೆಲು, ಎಲ್ಲವೂ ಅವನಿಗೆ ಒಟ್ಟಿಗೆ ಎರಗುತ್ತವೆ. ಗೋಡೆಗೆ ನಾನು ಚಿತ್ರದ ಕಾರ್ಡುಗಳನ್ನು ಅಂಟಿಸುತ್ತೇನೆ: ಶೂ, ಅಂಗಿ, ಚಡ್ಡಿ, ಶವರ್, ಮೆಟ್ಟಿಲು, ಕೊಳ, ಟವೆಲು, ಬಸ್ಸು. ಒಂದೊಂದು ಮುಗಿದಂತೆ ಅವನೇ ಕಿತ್ತು ಡಬ್ಬಿಗೆ ಹಾಕುತ್ತಾನೆ. ಬಸ್ಸಿನ ಕಾರ್ಡು ಕೊನೆಯಲ್ಲಿ ಇದೆ ಎಂದು ಕಂಡರೆ ಅವನಿಗೆ ನಿರಾಳ, ಮನೆಗೆ ಹೋಗುತ್ತೇವೆ ಎಂಬುದು ಖಾತ್ರಿ. ಕ್ಯಾಪು ಬೇಡ ಎನ್ನುತ್ತಾನೆ, ಬೇಡ. ಅಂಗಿಯ ಗುಂಡಿ ಬಿಚ್ಚಲು ಮನೆಯಲ್ಲಿ ಹಟ ಮಾಡುವವನು ಇಲ್ಲಿ ತಾನೇ ಬಿಚ್ಚುತ್ತಾನೆ, ಕೊಳ ಕಾಣುತ್ತಿದೆಯಲ್ಲ. ಈಜು ಕೋಚಿಗೂ ನಮಗೂ ಇರುವ ವ್ಯತ್ಯಾಸ ಈ ಅರ್ಧ ಗಂಟೆಯಲ್ಲಿದೆ. ಉಡುವುದು, ಕಳಚುವುದು, ಸಾಲಿನಲ್ಲಿ ಕಾಯುವುದು, ಒರೆಸಿಕೊಳ್ಳುವುದು ನಮ್ಮ ಕೆಲಸದ ಹೊಸ್ತಿಲಲ್ಲ, ಕೆಲಸವೇ ಅದು.

ನೀರಿನಲ್ಲಿ ಮೊದಲು ಊದುವುದು. ಪಿಂಗ್‌ಪಾಂಗ್ ಚೆಂಡನ್ನು ನೀರಿನ ಮೇಲೆ ಬಿಟ್ಟು, ಗಲ್ಲ ನೀರಿಗೆ ತಾಗುವಷ್ಟು ಬಗ್ಗಿ ನಾನು ಊದುತ್ತೇನೆ, ಅವನು ತಿರುಗಿ ಊದುತ್ತಾನೆ. ನೀರು ಮುಖಕ್ಕೆ ಬಂದಾಗ ಉಸಿರು ಹೊರಬಿಡುವ ಅಭ್ಯಾಸ ಇದರಿಂದ ಬರುತ್ತದೆ, ತುಟಿ ಕೂಡಿಸುವುದು ಬರುತ್ತದೆ, ನನ್ನ ಸರದಿ ನಿನ್ನ ಸರದಿ ಎನ್ನುವುದೂ ಬರುತ್ತದೆ. ಆಮೇಲೆ ಕೈಹಿಡಿದು, ಒಂದು, ಎರಡು, ಮೂರು ಎಂದು ಎತ್ತಿ ಮುಳುಗಿಸುವ ಆಟ. ಕೆಲವು ವಾರದ ನಂತರ ನಾನು ಎರಡಕ್ಕೇ ನಿಲ್ಲಿಸುತ್ತೇನೆ. ಅವನು ಕಾಯುತ್ತಾನೆ, ನನ್ನ ಬಾಯಿ ನೋಡುತ್ತಾನೆ, ಕೊನೆಗೆ "ಮೂ" ಎನ್ನುತ್ತಾನೆ. ಅಷ್ಟಕ್ಕೆ ನೀರು ಚಿಮ್ಮಿಸುತ್ತಾ ಮುಳುಗುತ್ತೇವೆ.

ದಡದಲ್ಲಿ ಕೂತ ಅಜ್ಜಿ ಒಂದು ದಿನ ಕೇಳಿದರು. "ಮೇಡಂ, ಮನೇಲಿ ತಲೆಗೆ ನೀರು ಹಾಕೋಕೆ ಇಬ್ಬರು ಹಿಡ್ಕೋಬೇಕು. ಇಲ್ಲಿ ತಾನಾಗೇ ಮುಖ ಅದ್ದುತ್ತಾನಲ್ಲ, ಹೇಗೆ?"

"ಇಲ್ಲಿ ನೀರು ಯಾವಾಗ ತಾಗುತ್ತೆ ಅಂತ ಅವನಿಗೆ ಗೊತ್ತಿರುತ್ತೆ ಅಜ್ಜಿ, ಅವನೇ ಮುಖ ಕೊಡೋದು. ಮನೇಲಿ ಚೊಂಬು ಮೇಲಿಂದ ಬರುತ್ತೆ. ಚೊಂಬನ್ನ ಅವನ ಕೈಗೇ ಕೊಟ್ಟು ನೋಡಿ. ಮೊದಲು ಕಾಲಿಗೆ, ಆಮೇಲೆ ತೊಡೆಗೆ, ತಲೆ ಕೊನೆಗಿರಲಿ."

ಮುಂದಿನ ವಾರ ಬಂದು, ಬಕೆಟ್ಟು ಖಾಲಿಯಾಗುವವರೆಗೂ ಕಾಲಿಗೇ ಸುರಿದುಕೊಂಡ ಎಂದರು. ಅದರ ಮುಂದಿನ ವಾರ ಹೊಟ್ಟೆಯವರೆಗೆ ಬಂದಿದ್ದ. ಎಲ್ಲರ ಮನೆಯ ಹತ್ತಿರ ಕೊಳ ಇರುವುದಿಲ್ಲ. ಕೊಳದಲ್ಲಿ ಕಲಿತದ್ದು ಬಚ್ಚಲಿಗೆ ಬಾರದಿದ್ದರೆ ನನ್ನ ಲೆಕ್ಕದಲ್ಲಿ ಅದು ಥೆರಪಿ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಈ ಮಕ್ಕಳನ್ನು ನೀರಿಗೆ ಇಳಿಸಲೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಬೇರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಮೆರಿಕದ ಮರಣ ದಾಖಲೆಗಳನ್ನು ಹುಡುಕಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಟಿಸಂ ಇರುವ ಹದಿನೈದು ವರ್ಷದೊಳಗಿನ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಉಳಿದ ಮಕ್ಕಳಿಗಿಂತ ಸುಮಾರು 160 ಪಟ್ಟು. ಈ ಮಕ್ಕಳಲ್ಲಿ ಹಲವರು ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುತ್ತಾರೆ. ಹೊರಟವರನ್ನು ಹೊಳೆಯುವ ನೀರು ಸೆಳೆಯುತ್ತದೆ. ಕೂಗಿದರೆ ತಿರುಗುವುದಿಲ್ಲ. ನಮ್ಮಲ್ಲಿ ಕೆರೆ, ಕಲ್ಯಾಣಿ, ಬಾಯಿತೆರೆದ ಬಾವಿ, ಕೃಷಿ ಹೊಂಡ. ಬೆಂಗಳೂರಿನ ಪ್ರತಿ ಮನೆಯ ಗೇಟಿನ ಬಳಿ ಸಂಪು. ಹಾಗಾಗಿ ನಮ್ಮ ಪಾಠದಲ್ಲಿ ಹ್ಯಾಲಿವಿಕ್‌ನ ಹೊರಳುವಿಕೆಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು: ಮುಗ್ಗರಿಸಿ ಬಿದ್ದರೆ ಅಂಗಾತ ಹೊರಳು, ಉಸಿರು ತೆಗೆದುಕೋ, ಗೋಡೆಯ ಕಡೆ ಸಾಗು, ಅಂಚು ಹಿಡಿ. ಈಜುಡುಗೆಯಲ್ಲಿ ಕಲಿತದ್ದು ಬಟ್ಟೆ ಒದ್ದೆಯಾಗಿ ಭಾರವಾದಾಗ ಮರೆಯಬಾರದು ಎಂದು ಆಗಾಗ ದಿನಬಳಕೆಯ ಪ್ಯಾಂಟು ಶರ್ಟಿನಲ್ಲೇ ಇಳಿಸುತ್ತೇವೆ. ಕೆಲವು ಮಕ್ಕಳಿಗೆ ಆ ದಿನ ಮೈಗಂಟಿದ ಬಟ್ಟೆಯೇ ದೊಡ್ಡ ಯುದ್ಧ. ಆದರೂ ಬಿಡುವುದಿಲ್ಲ, ಒಂದು ತೋಳಿನಿಂದ ಶುರುಮಾಡುತ್ತೇವೆ.

ಆರು ವರ್ಷದ ಆ ಹುಡುಗ ಈಗ ಅಂಗಾತ ತೇಲುತ್ತಾನೆ. ನನ್ನ ಕೈ ಅವನ ತಲೆಯ ಕೆಳಗೆ ಇದ್ದರೆ ಸಾಕು, ಬೆನ್ನಿಗೆ ಬೇಡ. ಮನೆಯವರು ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಸಿದ್ದಾರೆ, ಗೇಟಿನ ಚಿಲಕವನ್ನು ಮೇಲೆ ಏರಿಸಿದ್ದಾರೆ. ಅವನ ತಂದೆಗೆ ಈಜು ಬರುವುದಿಲ್ಲ. ಈ ತಿಂಗಳಿಂದ ನಮ್ಮ ಬ್ಯಾಚು ಮುಗಿದ ಮೇಲೆ ಅವರೂ ಅದೇ ಕೊಳದಲ್ಲಿ ಕಲಿಯಲು ಹೆಸರು ಬರೆಸಿದ್ದಾರೆ.